ಬಳ್ಳಾರಿ ಬಿಸಿಲಿಗೆ ಅಡುಗೆ ಪುಸ್ತಕ

ಅಡುಗೆ ಪುಸ್ತಕವನ್ನು ಅಡುಗೆಮನೆಯಲ್ಲಿ ಇಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಎಣ್ಣೆ ಕೈ, ಒಗ್ಗರಣೆ ಸಿಡಿತ, ಪುಟದ ಮೂಲೆಯಲ್ಲಿ ಅರಿಶಿನದ ಹೆಬ್ಬೆಟ್ಟು. ನನ್ನವು ಮಲಗುವ ಕೋಣೆಯ ಕಿಟಕಿ ಕಟ್ಟೆ ಮೇಲಿವೆ. ಮಾಡೋಕೆ ಅಂತ ತಂದವಲ್ಲ ಅವು. ಅನ್ನ, ತಿಳಿಸಾರು, ಒಂದು ಪಲ್ಯ, ರೊಟ್ಟಿ. ಇಷ್ಟಕ್ಕೆ ಪುಸ್ತಕ ಯಾಕೆ? ಕಾದಂಬರಿ ಓದಿದ ಹಾಗೆ ಸುಮ್ನೆ ಓದೋಕೆ ಇಟ್ಟುಕೊಂಡಿದ್ದೇನೆ, ಅದೂ ಬೇಸಿಗೆ ರಜೆಗೆ.

ನಾನು ಸಾಗರದ ಕಡೆಯವಳು. ಮದುವೆಯಾಗಿ ಬಳ್ಳಾರಿಗೆ ಬಂದೆ. ನಮ್ಮೂರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಅಂತ ಇಲ್ಲಿನವರೇ ನಗುತ್ತಾರೆ. ಬಿಸಿಲು 40 ಡಿಗ್ರಿ ಮುಟ್ಟಿತು ಅನ್ನುವುದು ಇಲ್ಲಿ ಸುದ್ದಿಯೇ ಅಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಕೆಲಸ ನನ್ನದು, ಹಾಗಾಗಿ ಏಪ್ರಿಲ್, ಮೇ ಹೆಚ್ಚುಕಡಿಮೆ ನನ್ನವೇ. ಬೆಳಗ್ಗೆ ಏಳರೊಳಗೆ ಅಡುಗೆ ಮುಗಿಸಿ ಗ್ಯಾಸ್ ಆರಿಸಿದರೆ ಸಂಜೆಯವರೆಗೆ ಆ ಕಡೆ ತಲೆ ಹಾಕುವುದಿಲ್ಲ. ಮಧ್ಯಾಹ್ನಕ್ಕೆ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು, ಹಸಿ ಈರುಳ್ಳಿ. ಆಮೇಲೆ ಕಡಪಾ ಕಲ್ಲಿನ ನೆಲಕ್ಕೆ ನೀರು ಚಿಮುಕಿಸಿ, ಒರೆಸಿ, ದಿಂಬು ಹಾಕಿಕೊಂಡು ಅಡ್ಡಾದರೆ ಕೈಗೆ ಪುಸ್ತಕ ಬಂತು ಅಂತಲೇ ಲೆಕ್ಕ.

ಅತ್ತೆಗೆ ಇದು ಮೊದಮೊದಲು ವಿಚಿತ್ರ ಅನಿಸುತ್ತಿತ್ತು. “ಈಗರ ಉಂಡು ಎದ್ದೀ. ಮತ್ತ ಊಟದ ಪುಸ್ತಕ ಓದಾಕತ್ತೀಯಲ್ಲವ್ವಾ?” ಅನ್ನುತ್ತಿದ್ದರು. ಉಂಡ ಮೇಲೇ ಓದಬೇಕು ಅನ್ನುವುದು ನನ್ನ ವಾದ. ಹಸಿದಾಗ ಓದಿದರೆ ಕಣ್ಣು ಬರೀ ಸಾಮಾನಿನ ಪಟ್ಟಿ ಮೇಲೆ ಓಡುತ್ತದೆ. ಫ್ರಿಜ್ಜಿನಲ್ಲಿ ಏನಿದೆ, ಏನು ತರಿಸಬೇಕು ಅಂತ ಲೆಕ್ಕ ಶುರುವಾಗುತ್ತದೆ. ಹೊಟ್ಟೆ ತುಂಬಿ, ಒಲೆ ಹಚ್ಚುವ ಯೋಚನೆಯೇ ಇಲ್ಲದಾಗ ಅದೇ ಪುಟದಲ್ಲಿ ಬೇರೇನೋ ಕಾಣುತ್ತದೆ. ಆ ಮನೆಯಲ್ಲಿ ಎಷ್ಟು ಜನ ಉಣ್ಣುತ್ತಿದ್ದರು, ಯಾರು ರುಬ್ಬುತ್ತಿದ್ದರು, ಯಾವುದು ಕೈಗೆ ಸಿಗುತ್ತಿತ್ತು, ಯಾವುದಕ್ಕೆ ಬಾಯಿ ಬಿಡುತ್ತಿದ್ದರು, ಎಲ್ಲ.

ಬಾಯಿ ಬಿಡುವ ವಿಷಯಕ್ಕೆ ಬಂದರೆ ಎಲಿಜಬೆತ್ ಡೇವಿಡ್ ಅವರನ್ನು ಓದಬೇಕು. ಇಂಗ್ಲೆಂಡಿನ ಹೆಂಗಸು. ಎರಡನೇ ಮಹಾಯುದ್ಧದ ವರ್ಷಗಳನ್ನು ಗ್ರೀಸ್, ಈಜಿಪ್ಟ್ ಕಡೆ ಕಳೆದವರು. ಗಂಡ ಸೈನ್ಯದಲ್ಲಿ ಅಧಿಕಾರಿ. ಅವರ ಜೊತೆ 1946ರಲ್ಲಿ ಕೆಲ ಕಾಲ ದೆಹಲಿಯಲ್ಲೂ ಇದ್ದರು. ಆರೋಗ್ಯಕ್ಕೆ ಒಗ್ಗಲಿಲ್ಲ, ವಾಪಸು ಹೋದರು. ಹೋಗಿ ನೋಡಿದರೆ ಅಲ್ಲಿ ಎಲ್ಲಕ್ಕೂ ರೇಷನ್. ಆ ವರ್ಷದ ಚಳಿಗಾಲವೂ ಭಯಂಕರ. ರಾಸ್-ಆನ್-ವೈ ಅನ್ನುವ ಊರಿನ ಹೋಟೆಲಿನಲ್ಲಿ ಉಳಿದುಕೊಂಡಿದ್ದಾಗ ಅಲ್ಲಿನ ಸಪ್ಪೆ ಊಟಕ್ಕೆ ರೋಸಿಹೋಗಿ, ತಾವು ಉಂಡು ಬಂದ ಬಿಸಿಲ ನಾಡಿನ ಅಡುಗೆಗಳನ್ನು ಬರೆಯಲು ಕೂತರು. ನಿಂಬೆಹಣ್ಣು, ಬೆಳ್ಳುಳ್ಳಿ, ಬಾದಾಮಿ, ಆಲಿವ್ ಎಣ್ಣೆ. ಆಗ ಇಂಗ್ಲೆಂಡಿನಲ್ಲಿ ಆಲಿವ್ ಎಣ್ಣೆ ಬೇಕಾದರೆ ಔಷಧಿ ಅಂಗಡಿಗೆ ಹೋಗಬೇಕಿತ್ತು. ಕಿವಿಗೆ ಬಿಡುವ ಎಣ್ಣೆ ಅಂತ ಸಣ್ಣ ಬಾಟಲಿಯಲ್ಲಿ ಮಾರುತ್ತಿದ್ದರು!

‘ಎ ಬುಕ್ ಆಫ್ ಮೆಡಿಟರೇನಿಯನ್ ಫುಡ್’ 1950ರಲ್ಲಿ ಬಂತು. ರೇಷನ್ ಪೂರ್ತಿ ಮುಗಿದಿದ್ದು 1954ರಲ್ಲಿ. ಅಂದರೆ ಪುಸ್ತಕ ಕೊಂಡವರಲ್ಲಿ ಎಷ್ಟೋ ಜನಕ್ಕೆ ಅದರಲ್ಲಿದ್ದ ಅಡುಗೆ ಮಾಡುವ ದಾರಿಯೇ ಇರಲಿಲ್ಲ. ಆದರೂ ಕೊಂಡರು. ಓದಿದರು. ನನ್ನ ಪಂಗಡದವರು, ಅಲ್ವಾ?

ಅವರು ಚಳಿಯಲ್ಲಿ ಕೂತು ಬಿಸಿಲಿನ ಬಗ್ಗೆ ಬರೆದರು. ಆ ಬಿಸಿಲು ನನಗೆ ಬೇಕಿಲ್ಲ, ನಮ್ಮಲ್ಲೇ ಹಂಚಿ ಮಿಗುವಷ್ಟಿದೆ. ನನಗೆ ಇಷ್ಟವಾಗುವುದು ಅವರ ಸಿಟ್ಟು. ಕೆಟ್ಟ ಊಟವನ್ನು ಸಹಿಸದ ಒಬ್ಬ ಹೆಂಗಸಿನ ಸಿಟ್ಟು ಒಂದು ಪುಸ್ತಕವಾಯಿತಲ್ಲ ಅಂತ. ಅಡುಗೆಯ ವಿವರವನ್ನೂ ಚುಟುಕಾಗಿ ಮುಗಿಸುತ್ತಾರೆ, ಓದುವವರು ದಡ್ಡರಲ್ಲ ಅನ್ನುವ ನಂಬಿಕೆ ಅವರಿಗಿದೆ. 1955ರಲ್ಲಿ ಅವರದೇ ‘ಸಮ್ಮರ್ ಕುಕಿಂಗ್’ ಬಂತು. ತಣ್ಣನೆ ಸೂಪು, ಹಸಿ ಸೊಪ್ಪು, ಬುತ್ತಿ ಕಟ್ಟಿಕೊಂಡು ಹೊರಗೆ ಹೋಗುವಾಗಿನ ಊಟ ಎಲ್ಲ ಇದೆ. ಅವರ ಬೇಸಿಗೆ ನಮ್ಮ ಡಿಸೆಂಬರಿಗೆ ಸಮ, ಆ ಮಾತು ಬೇರೆ.

ನನ್ನ ಖಾಸಾ ಗೆಳೆಯ ಮಾತ್ರ ಮಂಗರಸ. ಮೂರನೆಯ ಮಂಗರಸ. ಹುಣಸೂರು ಕಡೆಯ ಕಲ್ಲಹಳ್ಳಿಯ ಪ್ರಭು, ಜೈನ ಕವಿ. ಸುಮಾರು 1508ರಲ್ಲಿ ‘ಸೂಪಶಾಸ್ತ್ರ’ ಬರೆದ. ಇಡೀ ಪುಸ್ತಕ ಪದ್ಯದಲ್ಲಿದೆ, ಅದೂ ವಾರ್ಧಕ ಷಟ್ಪದಿಯಲ್ಲಿ. ಲಕ್ಷ್ಮೀಶನ ಜೈಮಿನಿ ಭಾರತದ ಛಂದಸ್ಸೇ ಇದು. ನಮ್ಮಪ್ಪ ಮಳೆಗಾಲದ ಸಂಜೆ ಜೈಮಿನಿ ಓದುತ್ತಿದ್ದರು, ಆ ಧಾಟಿ ಇನ್ನೂ ಕಿವಿಯಲ್ಲಿದೆ. ಅದೇ ಧಾಟಿಯಲ್ಲಿ ಬದನೆಕಾಯಿ ಪಲ್ಯ ಹಾಡಿಕೊಂಡು ನೋಡಿ! ಚಂದ್ರಹಾಸನ ಕಥೆಗೆ ಇರುವ ಗತ್ತೇ ಬದನೆಕಾಯಿಗೂ ಬರುತ್ತದೆ. ಹಳೆಯ ಕಾಲದ ಕನ್ನಡ ಕಷ್ಟ ಅಂತ ಹೆದರಬೇಡಿ, ಅರ್ಥ ಕೊಟ್ಟಿರುವ ಪ್ರತಿ ಹಿಡಿದರೆ ಆಯ್ತು. ಒಂದೆರಡು ಪುಟ ಕಳೆದರೆ ನಾಲಿಗೆ ಹೊಂದಿಕೊಳ್ಳುತ್ತದೆ.

ಆರು ಅಧ್ಯಾಯ. ಹಿಟ್ಟಿನ ತಿಂಡಿಗಳು ಮೊದಲು, ಆಮೇಲೆ ಪಾನಕ, ಆಮೇಲೆ ಪಾಯಸ ಮತ್ತು ಅನ್ನದ ಬಗೆಗಳು. ನಂತರ ತರಕಾರಿ. ಬದನೆಕಾಯಿ ಒಂದರಲ್ಲೇ ಎಷ್ಟು ಬಗೆ ಅಂತೀರಿ! ಹಲಸು ಇದೆ, ಬಾಳೆಕಾಯಿ ಇದೆ, ಕೊನೆಗೆ ಬಿದಿರಿನ ಕಳಲೆಯೂ ಇದೆ. ಕಳಲೆ ನೋಡಿದಾಗ ನನಗೆ ತವರಿನವರೊಬ್ಬರು ಸಿಕ್ಕಷ್ಟು ಖುಷಿಯಾಯಿತು. ಬಳ್ಳಾರಿಯಲ್ಲಿ ಕಳಲೆ ಅಂದರೆ ‘ಏನು, ಬಿದಿರು ತಿಂತೀರಾ’ ಅಂತಾರೆ.

ಎಲ್ಲ ಸಸ್ಯಾಹಾರ. ತುಪ್ಪ ಧಾರಾಳ. ಪಚ್ಚಕರ್ಪೂರ, ಹೂವಿನ ಪರಿಮಳ ಕಟ್ಟುವುದು, ಇಂಥದ್ದೆಲ್ಲ ಜಾಸ್ತಿ. ಓದುತ್ತ ಹೋದ ಹಾಗೆ ಅಡುಗೆಯವನಿಗಿಂತ ಊಟಕ್ಕೆ ಕೂತ ಪ್ರಭುವೇ ಕಾಣುತ್ತಾನೆ. ಅರೆದು, ಕಲಸಿ, ಬೇಯಿಸಿ, ಕರಿದು ಅಂತ ಕ್ರಿಯಾಪದಗಳು ಸಾಲಾಗಿ ಬರುತ್ತವೆ. ಅರೆದವಳು ಯಾರು, ಆ ಸೆಕೆಯಲ್ಲಿ ಒಲೆ ಊದಿದವರು ಯಾರು ಅನ್ನುವುದು ಷಟ್ಪದಿಗೆ ಬೇಕಿಲ್ಲ. ಒರಳುಕಲ್ಲಿನ ಮುಂದೆ ಕೂತು ಬೆಳೆದವಳಿಗೆ ಅದು ಕಣ್ಣಿಗೆ ಬೀಳದೆ ಇರುತ್ತದೆಯೇ? ಆದರೂ ಮಂಗರಸನ ಮೇಲೆ ಕೋಪ ಬರುವುದಿಲ್ಲ. ರಾಜರ ಕಥೆ, ಜಿನರ ಚರಿತೆ ಬರೆದ ಕೈಯಲ್ಲೇ ಬದನೆಕಾಯಿಯನ್ನೂ ಬರೆದನಲ್ಲ, ಅಷ್ಟು ಸಾಕು.

ಇನ್ನೊಂದು ಮಜಾ ಇದೆ. ಈ ಪುಸ್ತಕದಲ್ಲಿ ಮೆಣಸಿನಕಾಯಿ ಇಲ್ಲ. ಇರಲು ಸಾಧ್ಯವೇ ಇಲ್ಲ. ಅದು ಅಮೆರಿಕ ಖಂಡದ ಗಿಡ, ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕರಾವಳಿಗೆ ಬಂದದ್ದು. ವಾಸ್ಕೊ ಡ ಗಾಮ ಕಲ್ಲಿಕೋಟೆ ಮುಟ್ಟಿದ್ದು 1498ರಲ್ಲಿ. ಮಂಗರಸ ಬರೆಯುವ ಹೊತ್ತಿಗೆ ಕಲ್ಲಹಳ್ಳಿಯ ಹಿತ್ತಲಿಗೆ ಮೆಣಸಿನಗಿಡ ಇನ್ನೂ ಬಂದಿರಲಿಲ್ಲ. ಕಾಳುಮೆಣಸು, ಇಂಗು, ಜೀರಿಗೆ, ಸಾಸಿವೆ, ಶುಂಠಿ ಇಷ್ಟರಲ್ಲೇ ಆಟ. ಇದನ್ನು ಅತ್ತೆಗೆ ಹೇಳಿದಾಗ ಅವರು ಎದ್ದು ಕೂತರು.

“ಮೆಣಸಿನಕಾಯಿನ ಇರಲಿಲ್ಲ ಅಂದ್ರ ಬಜ್ಜಿ ಹೆಂಗ ಮಾಡತಿದ್ರು?”

ಬೆಳಗಾದರೆ ಒಗ್ಗಾಣಿಗೆ ಮೆಣಸಿನಕಾಯಿ ಬಜ್ಜಿ ಬೇಕೇ ಬೇಕು ಅನ್ನುವ ಊರು ಇದು. ಪ್ರಶ್ನೆ ನ್ಯಾಯವಾದದ್ದೇ.

ಆವತ್ತು ಮಗನ ಜೊತೆ ಒಂದು ಆಟ ಶುರುವಾಯಿತು. ನಮ್ಮ ಅಡುಗೆಮನೆಯಿಂದ 1498ರ ಆಮೇಲೆ ಬಂದದ್ದನ್ನೆಲ್ಲ ಹೊಡೆದು ಹಾಕುತ್ತ ಹೋಗುವುದು. ಮೆಣಸಿನಕಾಯಿ ಹೋಯ್ತು. ಆಲೂಗಡ್ಡೆ, ಟೊಮೆಟೊ ಹೋದವು. ಮೆಕ್ಕೆಜೋಳ, ಗೋಡಂಬಿ, ಸೀಬೆ, ಪಪ್ಪಾಯ, ಅನಾನಸ್ ಹೋದವು. ಶೇಂಗಾ ಹೋದಾಗ ಅತ್ತೆ ಹಣೆ ಚಚ್ಚಿಕೊಂಡರು. ಶೇಂಗಾ ಚಟ್ನಿ ಇಲ್ಲದ ರೊಟ್ಟಿ ಅಂದರೇನು? ಚಾಕೊಲೇಟ್ ಹೋದಾಗ ಮಗ ಆಟ ಸಾಕು ಅಂದ. ಉಳಿದದ್ದು ಜೋಳ, ಅಕ್ಕಿ, ಬೇಳೆ, ಬದನೆ, ಮೊಸರು, ಬೆಳ್ಳುಳ್ಳಿ. ಅದರಲ್ಲೂ ಚೆನ್ನಾಗೇ ಉಣ್ಣಬಹುದು ಅಂತ ನಾನು, ಸಾಧ್ಯವೇ ಇಲ್ಲ ಅಂತ ಅವರಿಬ್ಬರು.

ಇತಿಹಾಸದ ಈ ಚಟ ನನಗೆ ಹತ್ತಿಸಿದ್ದು ಕೆ.ಟಿ. ಅಚ್ಚಯ್ಯ ಅವರು. ಕೊಳ್ಳೇಗಾಲದಲ್ಲಿ ಹುಟ್ಟಿದವರು, ಎಣ್ಣೆಬೀಜಗಳ ವಿಜ್ಞಾನಿ. 1994ರಲ್ಲಿ ಬಂದ ಅವರ ‘ಇಂಡಿಯನ್ ಫುಡ್: ಎ ಹಿಸ್ಟಾರಿಕಲ್ ಕಂಪ್ಯಾನಿಯನ್’ ದಪ್ಪ ಪುಸ್ತಕ. ಅದನ್ನು ಮೊದಲಿಂದ ಕೊನೆವರೆಗೆ ಓದುವ ಹಟ ಬೇಡ. ಮಲಗಿದಲ್ಲೇ ಯಾವ ಪುಟ ಬೇಕಾದರೂ ತೆರೆಯಿರಿ, ಏನೋ ಒಂದು ಸಿಗುತ್ತದೆ.

ಇಡ್ಲಿಯ ಬಗ್ಗೆ ಅಚ್ಚಯ್ಯ ಅವರು ಹೇಳುವುದು ನಮ್ಮ ಮನೆಯಲ್ಲಿ ಒಂದು ಜಗಳವನ್ನೇ ಹುಟ್ಟಿಸಿತು. ಇಡ್ಲಿಯ ಹಳೆಯ ಉಲ್ಲೇಖಗಳೆಲ್ಲ ಕನ್ನಡದ ನೆಲದವೇ. ಹತ್ತನೇ ಶತಮಾನದ ವಡ್ಡಾರಾಧನೆಯಲ್ಲಿ ‘ಇಡ್ಡಲಿಗೆ’ ಬರುತ್ತದೆ. 1025ರಲ್ಲಿ ಇಮ್ಮಡಿ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಬರುತ್ತದೆ. (ಈ ಲೋಕೋಪಕಾರ ದೊಡ್ಡ ಮೋಜಿನ ಪುಸ್ತಕ. ಬಾವಿಗೆ ನೀರು ಎಲ್ಲಿ ಸಿಗುತ್ತದೆ, ಗಿಡಕ್ಕೆ ರೋಗ ಬಂದರೆ ಏನು ಮಾಡಬೇಕು, ಶಕುನ ಹೇಗೆ ನೋಡಬೇಕು, ಅಡುಗೆ ಹೇಗೆ, ಎಲ್ಲ ಒಂದೇ ಕಟ್ಟಿನಲ್ಲಿ. 2025ಕ್ಕೆ ಸಾವಿರ ವರ್ಷ ತುಂಬಿತು. ನಮ್ಮ ಬೀದಿಯಲ್ಲಂತೂ ಯಾರೂ ಒಂದು ಲೋಟ ಪಾನಕ ಹಂಚಲಿಲ್ಲ.) ಅದರಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬುವುದಿದೆ, ಇಂಗು, ಜೀರಿಗೆ, ಕೊತ್ತಂಬರಿ, ಮೆಣಸು ಇವೆ. ಆದರೆ ಅಕ್ಕಿ ಇಲ್ಲ. ರಾತ್ರಿಯಿಡೀ ಹುಳಿ ಬರಿಸುವ ಮಾತಿಲ್ಲ, ಹಬೆಯಲ್ಲಿ ಬೇಯಿಸುವ ಮಾತೂ ಇಲ್ಲ. ಹಾಗಾಗಿ ಈಗಿನ ಇಡ್ಲಿಯ ವಿಧಾನ ಇಂಡೋನೇಷ್ಯಾ ಕಡೆಯಿಂದ ಬಂದಿರಬಹುದು ಅಂತ ಅವರ ಊಹೆ.

ನಾನಿದನ್ನು ಒಪ್ಪುವುದಿಲ್ಲ. ದೊಡ್ಡ ವಿದ್ವಾಂಸರ ಎದುರು ಹೈಸ್ಕೂಲ್ ಮೇಡಮ್ಮು ಏನು ಹೇಳುವುದು ಅಂತ ನೀವು ಕೇಳಬಹುದು. ನನ್ನ ಹತ್ತಿರ ಒಂದು ಸಾಕ್ಷಿ ಇದೆ. ನಮ್ಮಮ್ಮನ ಅಡುಗೆ ಡೈರಿ.

ಬ್ಯಾಂಕಿನವರು ಕೊಟ್ಟ ಹಳೆ ಡೈರಿ ಅದು, ಕೆಂಪು ರಟ್ಟು. ಅಮ್ಮ ಸಾಗರದಲ್ಲಿ ಸಂಸಾರ ಹೂಡಿದ ಕಾಲದಿಂದ ಬರೆದುಕೊಂಡು ಬಂದದ್ದು. ಸುಧಾ, ತರಂಗದಿಂದ ಕತ್ತರಿಸಿ ಅಂಟಿಸಿದ ಚೂರುಗಳೂ ಇವೆ. ಬದಿಯಲ್ಲಿ ಅವಳದೇ ಷರಾ: ‘ಬೆಲ್ಲ ಸಾಲದು’, ‘ಇವರಿಗೆ ಸೇರಲಿಲ್ಲ’, ‘ಬರೀ ಬಡಾಯಿ’. ಈ ‘ಬರೀ ಬಡಾಯಿ’ ಒಂದು ಪತ್ರಿಕೆಯ ಹಲ್ವಕ್ಕೆ ಸಿಕ್ಕ ಬಿರುದು. ಈ ಡೈರಿಯಲ್ಲಿ ಏನೇನಿದೆ ಗೊತ್ತಾ? ಕುಕ್ಕರಿನಲ್ಲಿ ಕೇಕು. ಮರಳು ಹಾಕಿ ಬೇಯಿಸುವ ಬಿಸ್ಕತ್ತು. ಗೋಬಿ ಮಂಚೂರಿ. ಕಸ್ಟರ್ಡು. ಟೊಮೆಟೊ ಸಾಸು. ಇನ್ನು ಹಲಸಿನಕಾಯಿ ಹಪ್ಪಳ? ಇಲ್ಲ. ಅಪ್ಪೆಹುಳಿ? ಇಲ್ಲ. ಇಡ್ಲಿ? ಒಂದೇ ಕಡೆ ಬರುತ್ತದೆ, ಅದೂ ನೆಂಟರು ಬಂದಾಗಿನ ಒಂದು ಪಟ್ಟಿಯಲ್ಲಿ. ‘ಇಡ್ಲಿ, ಎಂದಿನಂತೆ.’

ಈ ಡೈರಿ ಸಾವಿರ ವರ್ಷದ ಮೇಲೆ ಯಾರಿಗಾದರೂ ಸಿಕ್ಕಿತು ಅಂತಿಟ್ಟುಕೊಳ್ಳಿ. ಸಾಗರದ ಜನ ಕೇಕು ತಿಂದು ಬದುಕಿದ್ದರು, ಹಪ್ಪಳ ಅವರಿಗೆ ಗೊತ್ತೇ ಇರಲಿಲ್ಲ, ಹಬೆಯಲ್ಲಿ ಬೇಯಿಸುವ ವಿದ್ಯೆ ಇನ್ನೂ ಬಂದಿರಲಿಲ್ಲ ಅಂತ ಬರೆದಾರು! ಏಪ್ರಿಲ್ ಬಂದರೆ ನಮ್ಮ ಅಂಗಳದ ತುಂಬ ಚಾಪೆ, ಚಾಪೆ ತುಂಬ ಹಪ್ಪಳ. ಬೇಯಿಸಿದ ಹಲಸಿನ ತೊಳೆಯನ್ನು ಒರಳಲ್ಲಿ ಗುದ್ದಿ ಗುದ್ದಿ ಚಿಕ್ಕಮ್ಮಂದಿರ ರಟ್ಟೆ ಬಿದ್ದುಹೋಗುತ್ತಿತ್ತು. ಕಾಗೆ ಕಾಯುವ ಕೆಲಸ ಮಕ್ಕಳಾದ ನಮ್ಮದು. ಎಲ್ಲರಿಗೂ ಗೊತ್ತಿರುವುದನ್ನು ಯಾರು ಕೂತು ಬರೆಯುತ್ತಾರೆ? ಕೈಗೆ ಸಿಗದ್ದು, ಅಪರೂಪದ್ದು, ಆಸೆಪಟ್ಟದ್ದು, ಅದೇ ಪುಸ್ತಕಕ್ಕೆ ಹೋಗುತ್ತದೆ. ಅಮ್ಮನಿಗೆ ಕೇಕು, ಮಂಗರಸನಿಗೆ ಕರ್ಪೂರ, ಡೇವಿಡ್ ಅವರಿಗೆ ನಿಂಬೆಹಣ್ಣು. ಚಾವುಂಡರಾಯನ ಮನೆಯಲ್ಲೂ ದಿನದ ಇಡ್ಲಿ ‘ಎಂದಿನಂತೆ’ ಇದ್ದಿರಬಹುದು ಅನ್ನುವುದು ನನ್ನ ಪಾಯಿಂಟು.

ಹಾಗಾದರೆ ದಿನದ ಸಾರು, ಹುಳಿ ಪುಸ್ತಕಕ್ಕೆ ಬರುವುದು ಯಾವಾಗ? ಯಾರಾದರೂ ಮನೆ ಬಿಟ್ಟು ದೂರ ಹೋದಾಗ. ಕಿಟಕಿ ಕಟ್ಟೆಯಲ್ಲಿರುವ ಒಂದಷ್ಟು ಪುಸ್ತಕಗಳ ಹುಟ್ಟೇ ಹೀಗಾದದ್ದು. ಮದರಾಸಿನ ಎಸ್. ಮೀನಾಕ್ಷಿ ಅಮ್ಮಾಳ್ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು, ಒಳ್ಳೆಯ ಕೈ. ದೂರದ ನೆಂಟರೆಲ್ಲ ಅದು ಹೇಗೆ ಮಾಡುವುದು, ಇದು ಹೇಗೆ ಅಂತ ಅವರಿಗೆ ಕಾಗದ ಬರೆಯುತ್ತಿದ್ದರು. ಒಂದು ಪುಸ್ತಕವನ್ನೇ ಬರೆದುಬಿಡು ಅಂತ ಮನೆಯ ಹಿರಿಯರೊಬ್ಬರು ಹೇಳಿದರು. ತಮಿಳಿನ ‘ಸಮೈತ್ತು ಪಾರ್’, ಅಂದರೆ ‘ಅಡುಗೆ ಮಾಡಿ ನೋಡು’, 1951ರಲ್ಲಿ ಬಂತು. ಇವತ್ತಿಗೂ ಹೊಸದಾಗಿ ಮದುವೆಯಾದವರ ಪೆಟ್ಟಿಗೆಗೆ ಸೇರುತ್ತದೆ. ಅನ್ನ ಮಾಡುವುದರಿಂದ ಶುರು, ಎಷ್ಟು ಸಮಾಧಾನ ನೋಡಿ. ಮುಂದೆ ಅಡುಗೆ ಪುಸ್ತಕಗಳಿಂದಲೇ ಹೆಸರಾದ ಮಧುರ್ ಜಾಫ್ರಿ ನಾಟಕ ಕಲಿಯಲು ಲಂಡನ್ನಿಗೆ ಹೋದಾಗ ಅವರಿಗೆ ಒಲೆ ಮುಂದೆ ನಿಂತು ಗೊತ್ತಿರಲಿಲ್ಲ. ದೆಹಲಿಯಿಂದ ಅಮ್ಮ ಕಾಗದದಲ್ಲಿ ಬರೆದು ಕಳಿಸುತ್ತಿದ್ದರು, ಮಗಳು ಮಾಡಿಕೊಳ್ಳುತ್ತಿದ್ದಳು. ಬೇಸಿಗೆಗೆ ನಾನು ಎತ್ತಿಕೊಳ್ಳುವುದು ಅವರ ಬಾಲ್ಯದ ನೆನಪು, ‘ಕ್ಲೈಂಬಿಂಗ್ ದ ಮ್ಯಾಂಗೋ ಟ್ರೀಸ್’. ಮಕ್ಕಳೆಲ್ಲ ಮರ ಹತ್ತಿ ಕೂತು ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿ ತಿನ್ನುವುದು ಓದಿದರೆ ಹಲ್ಲು ಚುಳ್ಳೆನ್ನುತ್ತದೆ.

‘ರಸಚಂದ್ರಿಕಾ’ವನ್ನು ನನ್ನ ಸಹೋದ್ಯೋಗಿಯೊಬ್ಬರು ಕೊಟ್ಟರು, ಅವರ ಮನೆಮಾತು ಕೊಂಕಣಿ. ಕೆನರಾ ಕರಾವಳಿಯಿಂದ ಮುಂಬಯಿಗೆ ಹೋಗಿ ನೆಲೆಸಿದ ಸಾರಸ್ವತರ ಮಹಿಳಾ ಸಮಾಜ ಹೊರತಂದದ್ದು. ಮೊದಲು ಮರಾಠಿಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಅಡುಗೆಯ ಜೊತೆಗೆ ಹಬ್ಬದ ವಿವರ, ಮನೆಮದ್ದು ಎಲ್ಲ ಸೇರಿದೆ. ಒಂದೇ ಒಂದು ಫೋಟೋ ಬೇಕು ಅನಿಸುವುದಿಲ್ಲ. ಈಗಿನ ಅಡುಗೆ ಪುಸ್ತಕಗಳಲ್ಲಿ ಫೋಟೋ ಜಾಸ್ತಿಯಾದಷ್ಟೂ ಓದುವುದು ಕಡಿಮೆ. ಹೊಳೆಯುವ ಹಾಳೆ, ಬಿಸಿಲಿಗೆ ಹಿಡಿದರೆ ಕಣ್ಣು ಚುಚ್ಚುತ್ತದೆ, ಎದೆ ಮೇಲೆ ಇಟ್ಟರೆ ಭಾರ.

ನಾನು ಹೊಸದಾಗಿ ಬಳ್ಳಾರಿಗೆ ಬಂದಾಗ ಎಸ್‌ಟಿಡಿ ದುಬಾರಿ. ಅಮ್ಮನೂ ಇನ್‌ಲ್ಯಾಂಡ್ ಪತ್ರದಲ್ಲಿ ತಂಬುಳಿ ಬರೆದು ಕಳಿಸಿದ್ದಳು. ಡೈರಿಯಲ್ಲಿ ಎಂದೂ ಬರೆಯದ ತಂಬುಳಿ! ಒಂದೆಲಗ ಒಂದು ಮುಷ್ಟಿ. ಜೀರಿಗೆ, ಕಾಳುಮೆಣಸು ತುಪ್ಪದಲ್ಲಿ ಹುರಿದುಕೋ. ಕಾಯಿತುರಿ ಜೊತೆ ನುಣ್ಣಗೆ ರುಬ್ಬು. ಮಜ್ಜಿಗೆ ಬೆರೆಸು, ಒಲೆ ಮೇಲೆ ಇಡಬೇಡ. ‘ಅಲ್ಲಿ ಒಂದೆಲಗ ಸಿಗದಿದ್ದರೆ ದೊಡ್ಡಪತ್ರೆ. ಅದೂ ಸಿಗದಿದ್ದರೆ ಮೆಂತೆ ಇದ್ದೇ ಇರುತ್ತದಲ್ಲ. ಅತ್ತೆಯವರಿಗೆ ಕೇಳಿ ಮಾಡು.’ ಆ ಪತ್ರ ಈಗ ರಸಚಂದ್ರಿಕಾದ ಒಳಗಿದೆ.

ಈ ರಜೆಯಲ್ಲಿ ಕೈಯಲ್ಲಿರುವುದು ‘ಮಾನಸೋಲ್ಲಾಸ’. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರಲ್ಲಿ ಸಂಸ್ಕೃತದಲ್ಲಿ ಬರೆಸಿದ್ದು. ರಾಜನಾದವನು ಆನೆ ಹಿಡಿಯುವುದರಿಂದ ಹಿಡಿದು ಸಂಗೀತ ಕೇಳುವವರೆಗೆ ಏನೇನು ಬಲ್ಲವನಾಗಿರಬೇಕು ಅಂತ ನೂರು ಅಧ್ಯಾಯ. ಅದರಲ್ಲಿ ‘ಅನ್ನಭೋಗ’ ಅಂತ ಊಟಕ್ಕೇ ಒಂದು ಭಾಗ. ನೀರು ಕುಡಿಯುವುದಕ್ಕೂ ಬೇರೆ ಭಾಗ! ಅರ್ಥ ನೋಡಿಕೊಂಡು ನಿಧಾನವಾಗಿ ಓದುತ್ತಿದ್ದೇನೆ. ದೋಸೆ, ವಡೆ, ಪೂರಿಯ ಪೂರ್ವಜರು ಸಿಗುತ್ತಾರೆ. ಬೆಳಗಾವಿಯವರು ಇವತ್ತಿಗೂ ಮಾಡುವ ಮಂಡಿಗೆಯಂಥದ್ದೂ ಇದೆ. ದೊರೆಯ ಪಂಕ್ತಿ ಮಂಗರಸನದಂತೆ ಬರೀ ತರಕಾರಿಯದಲ್ಲ. ಮೀನು, ಆಮೆ, ಹಂದಿ, ಕೊನೆಗೆ ಹೊಲದ ಇಲಿ.

ಹೌದು, ಇಲಿ. ಹೊಲದಲ್ಲಿ, ಹೊಳೆದಂಡೆಯಲ್ಲಿ ಕೊಬ್ಬಿದ್ದನ್ನು ಹಿಡಿದು, ಕೂದಲು ಹೋಗುವಂತೆ ಮಾಡಿ, ಸ್ವಚ್ಛ ಮಾಡಿ, ಸುಟ್ಟು. ಹಂಪಿಗೆ ಬಂದಿದ್ದ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಕೂಡ ವಿಜಯನಗರದ ಪೇಟೆಯಲ್ಲಿ ಗುಬ್ಬಚ್ಚಿ, ಇಲಿ ಮಾರುತ್ತಿದ್ದರು ಅಂತ ಬರೆದಿದ್ದಾನೆ. ನಮ್ಮವರಿಗೆ ಇದನ್ನು ಓದಿ ಹೇಳಿದೆ. ಅವರು ಮಾತಾಡದೆ ಟಿವಿ ಕಡೆ ತಿರುಗಿದರು. ಮಗ ಮಾತ್ರ ಫೋಟೋ ಇದೆಯಾ ಅಂತ ಪುಸ್ತಕಕ್ಕೆ ಕೈ ಹಾಕಿದ. ಅತ್ತೆ ಕಣ್ಣು ಮುಚ್ಚಿ ಮಲಗಿದ್ದರು, ನಿದ್ದೆ ಬಂದಿದೆ ಅಂದುಕೊಂಡಿದ್ದೆ.

“ಅದಕ್ಕ ಖಾರಕ್ಕ ಏನ್ ಹಾಕತಿದ್ರಂತ?” ಅಂದರು.

ಮೆಣಸಿನಕಾಯಿ ಬರಲು ಆಗಿನ್ನೂ ಮುನ್ನೂರೈವತ್ತು ವರ್ಷಕ್ಕೂ ಜಾಸ್ತಿ ಇತ್ತು, ಕಾಳುಮೆಣಸೇ ಹಾಕಿರಬೇಕು ಅಂದೆ.

“ಹಂಗಾರ ಸಪ್ಪಗ ಇರತಿತ್ತು ಬಿಡು.”